ಫೆರ್ನಾನ್ ಎಳೆದ ಹಳದಿ ಇಂಟು

ನಮ್ಮ ಮೋಂಬ್ರಾಕ್‌ನ ಫೆರ್ನಾನ್ ದೆಲ್‌ಪೆಶ್ ಮರಕ್ಕೆ ಒಂದು ಹಳದಿ ಗೆರೆ ಎಳೆದನೆಂದರೆ ಮುಗಿಯಿತು, ಹಾಲೆಂಡಿನಿಂದ ಬಂದ ಚಾರಣಿಗರು ಆ ಗೆರೆಯನ್ನು ನಂಬಿ ಬಾವಿಗೂ ಇಳಿಯುತ್ತಿದ್ದರು. ಇಳಿದು, ಮೇಲೆ ಹತ್ತಿ ಬಂದು, ದಾರಿ ಬಹಳ ಚೆನ್ನಾಗಿ ಗುರುತು ಮಾಡಿದ್ದೀರಿ ಎಂದು ಕೈಕುಲುಕಿ ಹೋಗುತ್ತಿದ್ದರು. ಇಡೀ ಫ್ರಾನ್ಸಿನಲ್ಲಿ ಅಷ್ಟು ನೇರವಾದ ಗೆರೆ ಎಳೆಯುವವನು ಇನ್ನೊಬ್ಬನಿಲ್ಲ ಎಂಬುದು ನಮ್ಮೂರಿನ ತೀರ್ಮಾನ. ಈ ವಿಷಯದಲ್ಲಿ ಬೇರೆ ಊರುಗಳನ್ನು ಕೇಳುವ ಅಗತ್ಯ ನಮಗೆ ಇದುವರೆಗೆ ಕಂಡಿಲ್ಲ.

ಗುರುತಿನ ಭಾಷೆ ಸರಳವಾದದ್ದು. ಮರದ ಮೇಲೋ ಬಂಡೆಯ ಮೇಲೋ ಅಂಗೈಯಷ್ಟುದ್ದದ ಹಳದಿ ಗೆರೆಯಿದ್ದರೆ ಇದೇ ದಾರಿ, ನಡೆಯಿರಿ ಎಂದರ್ಥ. ಎರಡು ಗೆರೆಗಳು ಒಂದನ್ನೊಂದು ಕತ್ತರಿಸಿ ಇಂಟು ಆಗಿದ್ದರೆ ಈ ಕಡೆ ಕಾಲಿಡಬೇಡಿ ಎಂದರ್ಥ. ಶಾಲೆಯ ಬಸ್ಸು ಓಡಿಸಿ ಓಡಿಸಿ ನಿವೃತ್ತನಾದ ಫೆರ್ನಾನ್, ಕಾಲುದಾರಿಗಳ ಸಂಘಕ್ಕೆ ಸೇರಿ, ಸಂಬಳವಿಲ್ಲದ ಈ ಕೆಲಸವನ್ನು ಅರಮನೆಯ ಚಿತ್ರಕಾರನ ಠೀವಿಯಿಂದ ಮಾಡಿಕೊಂಡು ಬಂದಿದ್ದ. ಹೆಗಲಿಗೊಂದು ಚೀಲ. ಅದರೊಳಗೆ ಹಳದಿ ಬಣ್ಣದ ಡಬ್ಬಿ, ತೊಗಟೆ ಕೆರೆಯಲು ತಂತಿಯ ಬ್ರಷ್ಷು, ಹಳೆಯ ಗುರುತು ಅಳಿಸಲು ಕಂದು ಬಣ್ಣದ ಇನ್ನೊಂದು ಡಬ್ಬಿ. ಅವನ ಹೊಟ್ಟೆ ಎಷ್ಟು ಮುಂದಿತ್ತೆಂದರೆ ಮರದ ಹತ್ತಿರ ಹೋಗಲು ಅವನು ಪಕ್ಕವಾಗಿ ನಿಲ್ಲಬೇಕಾಗುತ್ತಿತ್ತು. ಆದರೂ ಗೆರೆ ಮಾತ್ರ ಒಂದು ಕೂದಲೆಳೆ ಸೊಟ್ಟಗಾಗುತ್ತಿರಲಿಲ್ಲ.

ಅಂಥವನು ಈ ವರ್ಷದ ವಸಂತದಲ್ಲಿ ಒಂದು ಇಂಟು ಎಳೆದ. ಎಳೆಯಬಾರದ ಕಡೆ ಎಳೆದ.

ಎಲ್ಲದಕ್ಕೂ ಕಾರಣ ಸೆಪ್ ಅಣಬೆ. ಬನ್ನಿನಂಥ ಕಂದು ತಲೆ, ಮಗುವಿನ ತೊಡೆಯಂಥ ಬಿಳಿ ಕಾಂಡ. ಒಳ್ಳೆಯ ವರ್ಷದಲ್ಲಿ ನಮ್ಮ ಕಾಡಿನ ಸೆಪ್ ಎಷ್ಟು ದೊಡ್ಡದಾಗುತ್ತದೆಂದರೆ, ಮಳೆ ಬಂದರೆ ಕುರುಬನೊಬ್ಬ ತನ್ನ ಕುರಿಗಳ ಸಮೇತ ಅದರಡಿ ನಿಲ್ಲಬಹುದು. ನಾಯಿ ಮಾತ್ರ ಸ್ವಲ್ಪ ನೆನೆಯುತ್ತದೆ. ಇವು ಏಳುವ ಜಾಗವನ್ನು ನಮ್ಮ ಕಡೆ ಯಾರೂ ಯಾರಿಗೂ ಹೇಳುವುದಿಲ್ಲ. ಹೆಂಡತಿಗೆ ಹೇಳುವುದಿಲ್ಲ, ಪಾಪನಿವೇದನೆಗೆ ಕೂತಾಗ ಪಾದ್ರಿಗೂ ಹೇಳುವುದಿಲ್ಲ. ಫೆರ್ನಾನನ ಅಪ್ಪ ತನ್ನ ಜಾಗವನ್ನು ಮಗನಿಗೆ ಹೇಳಿದ್ದು ಪ್ರಾಣ ಬಿಡುವ ಗಳಿಗೆಯಲ್ಲಿ, ಅದೂ ಡಾಕ್ಟರನ್ನು ಕೋಣೆಯಿಂದ ಹೊರಗೆ ಕಳಿಸಿ. "ಕಲ್ಲಿನ ಶಿಲುಬೆ ದಾಟು. ಚೆಸ್ಟ್‌ನಟ್ ಕಾಡು. ಬಿದ್ದ ಗೋಡೆ ಹಿಂದೆ" ಎಂದು ಹೇಳಿ ಕಣ್ಣು ಮುಚ್ಚಿದ. ಹೆಂಡತಿಗಾಗಲಿ ದೇವರಿಗಾಗಲಿ ಹೇಳುವುದು ಅವನಿಗೆ ಬೇರೇನೂ ಉಳಿದಿರಲಿಲ್ಲ.

ತೊಂದರೆ ಏನೆಂದರೆ ನಮ್ಮೂರಿನ ಹೆಸರಾಂತ ಕಾಲುದಾರಿ ಆ ಬಿದ್ದ ಗೋಡೆಯನ್ನು ಉಜ್ಜಿಕೊಂಡೇ ಹೋಗುತ್ತಿತ್ತು. ಊರ ಚೌಕದಿಂದ ಹೊರಟು, ಹಳೆಯ ಕಾಲದ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲುಕೊಳ, ಆಮೇಲೆ ಪಾರಿವಾಳದ ಗೋಪುರ, ಆಮೇಲೆ ಕಲ್ಲಿನ ಶಿಲುಬೆ, ಚೆಸ್ಟ್‌ನಟ್ ಕಾಡು, ಕಾಡು ಮುಗಿದಲ್ಲಿ ಸಂತ ಅಲಾರಿಯ ಪುಟ್ಟ ಇಗರ್ಜಿ. ಇಗರ್ಜಿಗೆ ಎಂಟುನೂರು ವರ್ಷವಾಗಿದೆ ಎಂದು ವಿದ್ವಾಂಸರು ಹೇಳುತ್ತಾರೆ; ನಾವು ಸಾವಿರಕ್ಕೆ ಕಡಿಮೆ ಮಾತಾಡುವುದಿಲ್ಲ. ವರ್ಷಗಟ್ಟಲೆ ಚಾರಣಿಗರು ಹಳದಿ ಗೆರೆಯ ಮೇಲೆ ಕಣ್ಣಿಟ್ಟು ನಡೆದರೇ ಹೊರತು ಗೋಡೆಯ ಹಿಂದೆ ಇಣುಕಿರಲಿಲ್ಲ. ಆದರೆ ಹೋದ ಶರತ್ಕಾಲದಲ್ಲಿ ಫೆರ್ನಾನ್ ಅಲ್ಲಿಗೆ ಹೋದಾಗ ಬೆಲ್ಜಿಯಮ್ಮಿನ ಗಂಡಹೆಂಡಿರಿಬ್ಬರು ಗೋಡೆಯ ಹಿಂದೆ ಕೂತಿದ್ದರು. ಹೆಂಗಸಿನ ಕೈಯಲ್ಲಿ ದಪ್ಪನೆಯದೊಂದು ಸೆಪ್ ಇತ್ತು.

"ಇದು ತಿನ್ನೋದಾ, ಸ್ವಾಮಿ?" ಎಂದು ಅವಳು ಕೇಳಿದಳು.

ಫೆರ್ನಾನ್ ಅರೆಗಳಿಗೆಯೂ ಯೋಚಿಸಲಿಲ್ಲ. "ಅಯ್ಯೋ, ಕೆಳಗಿಡಿ ತಾಯಿ. ವಿಷ. ಮುಟ್ಟಿದ್ರೂ ಕೈಯಿಂದ ಏರತ್ತೆ. ಹೋದ್ವಾರ ಕೆಳಗಿನೂರಲ್ಲಿ ಒಬ್ಬ ಹೋಗ್ಬಿಟ್ಟ. ಎರಡು ಗಂಟೆ ಸಾಕಾಯ್ತು" ಎಂದ. ಅವರು ಅಣಬೆ ಎಸೆದು, ಕೈಯನ್ನು ಹುಲ್ಲಿಗೆ ಉಜ್ಜಿ, ಹಳದಿ ಗೆರೆ ಹಿಡಿದು ಇಗರ್ಜಿಯ ಕಡೆ ದಾಪುಗಾಲು ಹಾಕಿದರು. ಫೆರ್ನಾನ್ ಅಣಬೆ ಎತ್ತಿ ಬುಟ್ಟಿಗೆ ಹಾಕಿಕೊಂಡ.

ಆದರೆ ಚಳಿಗಾಲವಿಡೀ ಅವನಿಗೆ ಕಣ್ಣು ಮುಚ್ಚಿದರೆ ಬೆಲ್ಜಿಯಮ್ಮಿನವರೇ. ಒಂದೊಂದು ಮರದ ಹಿಂದೆ ಒಬ್ಬೊಬ್ಬರು, ಕೈಯಲ್ಲಿ ಬುಟ್ಟಿ ಹಿಡಿದು. ಹಾಗಾಗಿ ವಸಂತ ಬಂದು ಗುರುತುಗಳಿಗೆ ಹೊಸ ಬಣ್ಣ ಹಚ್ಚುವ ಕಾಲ ಬಂದಾಗ ಅವನು ಮಧ್ಯಾಹ್ನದ ಊಟದ ಹೊತ್ತು ನೋಡಿ ಹೊರಟ. ನಮ್ಮ ಕಡೆ ಆ ಹೊತ್ತಿನಲ್ಲಿ ಕಳ್ಳನೂ ಚೀಲ ಕೆಳಗಿಟ್ಟು ಊಟಕ್ಕೆ ಕೂರುತ್ತಾನೆ. ಹಾಗಾಗಿ ಊಟ ಬಿಟ್ಟು ಮಾಡಿದ ಕೆಲಸವನ್ನು ನೋಡುವವರು ಯಾರೂ ಇರುವುದಿಲ್ಲ. ಕಲ್ಲಿನ ಶಿಲುಬೆಯ ಬಳಿ ದಾರಿ ಕವಲಾಗುವಲ್ಲಿ, ಕಾಡಿನ ಕಡೆಗಿದ್ದ ಓಕ್ ಮರದ ಗೆರೆಯನ್ನು ಅವನು ಕಂದು ಬಣ್ಣದಿಂದ ಮುಚ್ಚಿ, ಅದರ ಮೇಲೆ ದೊಡ್ಡದೊಂದು ಹಳದಿ ಇಂಟು ಎಳೆದ. ಇನ್ನೊಂದು ಕಡೆ, ದಿಬ್ಬದ ಮೇಲಿನ ದಾರಿಗೆ ಹೊಸ ಗೆರೆಗಳನ್ನು ಹಾಕುತ್ತ ಹೋದ. ಆ ದಾರಿಯಲ್ಲಿ ನೋಡುವಂಥದ್ದು ಸಿಮೆಂಟಿನ ನೀರಿನ ಟ್ಯಾಂಕು ಒಂದೇ. ಬೇಸಿಗೆಯುದ್ದಕ್ಕೂ ಚಾರಣಿಗರು ಅದರ ಮುಂದೆ ಟೋಪಿ ತೆಗೆದು ನಿಂತು ಫೋಟೋ ತೆಗೆದುಕೊಂಡರು.

ಸಂಘದ ಸಭೆಯಲ್ಲಿ ಅವನು ಕಾಡಿನ ದಾರಿಗೆ ಮರ ಬಿದ್ದಿದೆ ಎಂದ. ಯಾರೂ ಹೋಗಿ ನೋಡಲಿಲ್ಲ. ಮೋಂಬ್ರಾಕ್‌ನವರು ನಡೆಯುವುದಿಲ್ಲ. ಬ್ರೆಡ್ಡು ತರಲು ಎದುರುಮನೆಗೂ ಕಾರಿನಲ್ಲೇ ಹೋಗುತ್ತಾರೆ.

ಬೇಸಿಗೆಯ ನಡುವೆ ಒಂದು ದಿನ ಅವನು ಗ್ಯಾಸ್ ಸಿಲಿಂಡರ್ ತಲುಪಿಸಲು ಕಾರಿನಲ್ಲಿ ಸುತ್ತುರಸ್ತೆ ಹಿಡಿದು ಸೊಲಾಂಜ್ ವೇಸಾದ್‌ಳ ಮನೆಗೆ ಹೋದ. ಇಗರ್ಜಿಗೆ ಅಂಟಿಕೊಂಡಂತಿರುವ ಆ ಮನೆಯಲ್ಲಿ ಅವಳೂ ನಾಲ್ಕು ಆಡುಗಳೂ ಇರುವುದು. ಊರಿನ ಸುದ್ದಿ ಅಲ್ಲಿಗೆ ಮುಟ್ಟುವುದಿಲ್ಲ, ಬಿದ್ದ ಮರದ್ದೂ ಮುಟ್ಟಿರಲಿಲ್ಲ. ಎಪ್ಪತ್ತೆಂಟು ವರ್ಷ. ಇಗರ್ಜಿಯ ಬೀಗದ ಕೈ ಅವಳದು. ಮೊಳದುದ್ದದ ಕಬ್ಬಿಣದ ಕೈ. ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತರೆ ಅವಳು ಎರಡು ಜನರಾಗುತ್ತಿದ್ದಳು. ಬಂದ ಚಾರಣಿಗರು ಅವಳ ಬಾಗಿಲು ತಟ್ಟಬೇಕು, ಅವಳು ಏಪ್ರನ್ ಬಿಚ್ಚಿಟ್ಟು ಬಂದು ಬಾಗಿಲು ತೆರೆದು ಗೋಡೆಯ ಮೇಲಿನ ಹಳೆಯ ಚಿತ್ರಗಳನ್ನು ತೋರಿಸಬೇಕು, ಇದು ಅವಳ ಅಜ್ಜಿಯ ಅಜ್ಜಿಯ ಕಾಲದಿಂದ ನಡೆದು ಬಂದದ್ದು. ಅವಳು ತೋರಿಸಲು ಶುರು ಮಾಡಿದಳೆಂದರೆ ಅಪ್ಪನ ಕೈಹಿಡಿದು ಒಳಗೆ ಹೋದ ಮಗು ಮೀಸೆ ಬಂದು ಹೊರಗೆ ಬರುತ್ತಿತ್ತು. ಚಿತ್ರದಲ್ಲಿರುವ ಒಂದೊಂದು ದೆವ್ವಕ್ಕೂ ಅವಳು ನಮ್ಮೂರಿನ ಒಬ್ಬೊಬ್ಬರ ಹೆಸರಿಟ್ಟಿದ್ದಳು. ಹೆಸರು ಬಿಟ್ಟುಹೋದವರು ಬೇಜಾರು ಮಾಡಿಕೊಳ್ಳುತ್ತಿದ್ದರು.

"ಬಾರೋ ಫೆರ್ನಾನ್. ಒಬ್ನೇನಾ? ಹಿಂದೆ ಯಾರಾದ್ರೂ ಬರ್ತಿದಾರಾ?" ಅವಳು ಅವನ ಹೆಗಲಾಚೆ ಕಾಡಿನ ಕಡೆ ನೋಡಿದಳು.

"ಯಾರೂ ಇಲ್ಲ ಮದಾಮ್ ಸೊಲಾಂಜ್. ನಾನು, ಸಿಲಿಂಡರ್ರು."

"ಹಾಗಾದ್ರೆ ಸಿಲಿಂಡರ್‌ಗೇ ಇಗರ್ಜಿ ತೋರಿಸ್ಲಾ?" ಎಂದು ನಕ್ಕಳು. ನಕ್ಕದ್ದು ಅಲ್ಲಿಗೇ ನಿಂತಿತು. ಅವನನ್ನು ಕೂರಿಸಿ ವಾಲ್‌ನಟ್ ಕೇಕಿನ ದೊಡ್ಡ ತುಂಡೊಂದನ್ನು ಮುಂದಿಟ್ಟಳು. "ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ನಾನು ಜಾಸ್ತಿ ಮಾತಾಡ್ತೀನಾ?"

ಮೋಂಬ್ರಾಕ್‌ನಲ್ಲಿ ಈ ಪ್ರಶ್ನೆಗೆ ನಾಯಿಗಳೂ ಉತ್ತರ ಕೊಡುತ್ತಿದ್ದವು. ಫೆರ್ನಾನ್ ಮಾತ್ರ "ಇಲ್ವಲ್ಲ" ಎಂದ.

"ಸುಳ್ಳ. ಹೋದ ಶರತ್ಕಾಲದಲ್ಲಿ ಇಬ್ರು ಬೆಲ್ಜಿಯಮ್ಮಿನವರು ಬಂದಿದ್ರು, ಗಂಡ ಹೆಂಡ್ತಿ. ನಾನು ಗೋಡೆ ಮೇಲಿನ ದೇವದೂತ ಮಿಕಾಯೇಲನ ತಕ್ಕಡಿ ವಿಷಯ ಹೇಳ್ತಾ ಇದ್ರೆ ಆ ಹೆಂಗಸು ಗಳಿಗೆಗೊಂದ್ಸಲ ಅಂಗೈ ನೋಡ್ಕೊಳ್ಳೋದು. ಗಂಡ ಗಡಿಯಾರ ನೋಡೋದು. ಹಣೆ ಮೇಲೆ ಬೆವರು ಬೇರೆ. ಅರ್ಧಕ್ಕೇ ಓಡಿದ್ರು ಕಣೋ. ನಡೀಲಿಲ್ಲ, ಓಡಿದ್ರು. ನಾನಿನ್ನೂ ಎಡಗಡೆ ಗೋಡೆಗೇ ಬಂದಿರ್ಲಿಲ್ಲ."

ಕೇಕು ಫೆರ್ನಾನನ ಗಂಟಲಲ್ಲಿ ನಿಂತಿತು. ವಿಷ ಏರುತ್ತಿದೆಯೇ ಎಂದು ನೋಡಿಕೊಳ್ಳುತ್ತಿದ್ದ ಅಂಗೈ ಅದು. ಎರಡು ಗಂಟೆಯಲ್ಲಿ ಇನ್ನೆಷ್ಟು ಉಳಿದಿದೆ ಎಂದು ನೋಡುತ್ತಿದ್ದ ಗಡಿಯಾರ ಅದು.

"ಅವ್ರು ಫೋನಲ್ಲಿ ಬರೆದು ಹಾಕಿರ್ಬೇಕು. ಈಗೆಲ್ಲಾ ಹಾಗೆ ಮಾಡ್ತಾರಂತಲ್ಲ. ಅಲ್ಲಿಗೆ ಹೋಗ್ಬೇಡಿ, ಒಂದು ಮುದುಕಿ ಇದೆ, ಹಿಡಿದ್ರೆ ಬಿಡಲ್ಲ ಅಂತ. ಈ ವರ್ಷ ಒಂದು ನರಪಿಳ್ಳೆ ಬಂದಿಲ್ಲ ನೋಡು. ಪಾಪ, ಅವರದ್ದೇನು ತಪ್ಪು? ನನ್ನ ಬಾಯಿ." ಅವಳು ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು. "ಈಗ ಚಿಕ್ಕದು ಮಾಡ್ಕೊಂಡಿದೀನಿ. ಆಡುಗಳ ಮುಂದೆ ಅಭ್ಯಾಸ ಮಾಡ್ತಿದೀನಿ. ಕೇಳು, ಹೇಗಿದೆ ಹೇಳು." ಶಾಲೆಯ ಹುಡುಗಿಯಂತೆ ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡಳು. "ಇದು ಸಂತ ಅಲಾರಿಯ ಇಗರ್ಜಿ. ಇವನು ಮಿಕಾಯೇಲ. ಇದು ತಕ್ಕಡಿ. ಇದು ದೆವ್ವ. ಆ ಕಡೆ ನರಕ. ಬಂದಿದ್ದಕ್ಕೆ ಸಂತೋಷ." ಅವನ ಮುಖ ನೋಡಿದಳು. "ಇನ್ನೂ ಉದ್ದ ಆಯ್ತಾ?"

ಆಗ ಹೇಳಬಹುದಿತ್ತು. ಬಾಯಿ ತೆರೆದಿದ್ದ ಕೂಡ. ಆದರೆ ಒಳಗೆ ಎಲ್ಲೋ ಅವನಪ್ಪ ಸತ್ತವನು ಎದ್ದು ಕೂತು ತುಟಿಯ ಮೇಲೆ ಬೆರಳಿಟ್ಟ. "ಈ ವರ್ಷ ಬಿಸಿಲು ಜಾಸ್ತಿ, ಅದಕ್ಕೇ ಜನ ಇಲ್ಲ" ಎಂದುಬಿಟ್ಟ ಫೆರ್ನಾನ್.

"ಬಿಸಿಲಲ್ಲ, ನನಗೆ ಗೊತ್ತು. ಪರಂಪರೆ ದಿನದವರೆಗೆ ನೋಡ್ತೀನಿ. ಅವತ್ತು ಬೀಗದ ಕೈ ಬೆರಾಂಜೆರ್‌ಗೆ ಕೊಟ್ಬಿಡ್ತೀನಿ. ಯಾರಾದ್ರೂ ಮಾತು ಕಡಿಮೆ ಇರೋರು ಇಟ್ಕೊಳ್ಳಲಿ. ನನ್ನಿಂದ ಸಂತನಿಗೆ ಯಾಕೆ ತೊಂದ್ರೆ?"

ಬೆರಾಂಜೆರ್ ನಮ್ಮೂರಿನ ಮೇಯರು. ನಡೆದರೆ ಗಾಳಿ ಹಿಂದೆ ಬೀಳುವಂಥ ಹೆಂಗಸು. ಪರಂಪರೆ ದಿನವೆಂದರೆ ಸೆಪ್ಟೆಂಬರಿನಲ್ಲಿ ದೇಶದ ಬೀಗ ಹಾಕಿದ ಹಳೆಯ ಕಟ್ಟಡಗಳೆಲ್ಲ ಬಾಗಿಲು ತೆರೆಯುವ ಭಾನುವಾರ. ಮುಂದಿನ ವಾರ ಬೇಕರಿಯ ಸಾಲಿನಲ್ಲಿ ಫೆರ್ನಾನ್ ಮೇಯರನ್ನು ಕಂಡು, ಬೀಗದ ಕೈ ತೆಗೆದುಕೊಂಡು ಏನು ಮಾಡುತ್ತೀರಿ ಎಂದು ಮೆಲ್ಲಗೆ ಕೇಳಿದ.

"ಏನ್ ಮಾಡ್ಲಿ? ಆಫೀಸಿನ ಡ್ರಾಯರಿಗೆ ಹಾಕ್ತೀನಿ. ಅಲ್ಲಿ ಹೋಗಿ ನಿಲ್ಲೋರು ಯಾರಿದಾರೆ? ಇಗರ್ಜಿಗೆ ಬೀಗ, ಅಷ್ಟೆ" ಎಂದಳು ಬೆರಾಂಜೆರ್. "ಅಂದಹಾಗೆ ಫೆರ್ನಾನ್, ಆ ಮರ ತೆಗೆಸ್ಲಾ? ಮೋರಿ ಕೆಲಸಕ್ಕೆ ಯಂತ್ರ ಬರ್ತಿದೆ."

"ಬೇಡ ಬೇಡ. ದೊಡ್ಡ ಮರ."

"ಎಷ್ಟು ದೊಡ್ಡದು?"

"ನಾಲ್ಕು ಜನ ತಬ್ಬಿದ್ರೂ ಸಿಗಲ್ಲ."

ಆ ಮರ ಬೇಸಿಗೆಯುದ್ದಕ್ಕೂ ಬೆಳೆಯಿತು. ಬಿದ್ದ ಮರ ಅಷ್ಟು ಬೆಳೆದದ್ದನ್ನು ಭೂಮಿಯ ಮೇಲೆ ಯಾರೂ ಕಂಡಿರಲಾರರು. ಕೇಳಿದವರಿಗೆಲ್ಲ ಫೆರ್ನಾನ್ ಒಂದೊಂದು ಮೊಳ ಸೇರಿಸುತ್ತ ಹೋದ. ಆಗಸ್ಟಿನ ಹೊತ್ತಿಗೆ ಅದು ನದಿಯ ಸೇತುವೆಗಿಂತ ಉದ್ದವಾಗಿ, ಬುಡದಲ್ಲಿ ನರಿಯ ಎರಡು ಸಂಸಾರ ಸೇರಿಕೊಂಡಿತ್ತು. ಆದರೆ ಹಾಗೆ ಸೇರಿಸುವಾಗಲೆಲ್ಲ ಅವನ ಕಿವಿಯಲ್ಲಿ ಸೊಲಾಂಜ್ ಆಡುಗಳಿಗೆ ಹೇಳುವುದು ಕೇಳುತ್ತಿತ್ತು: ಇದು ತಕ್ಕಡಿ. ಇದು ದೆವ್ವ. ಬಂದಿದ್ದಕ್ಕೆ ಸಂತೋಷ.

ಸೆಪ್ಟೆಂಬರಿನಲ್ಲಿ ಮಳೆ ಬಂತು. ಎಂಥ ಮಳೆಯೆಂದರೆ ಕೊಳದ ಮೀನುಗಳು ದಾರಿ ತಪ್ಪಿ ಚೌಕದ ಕಾಫಿ ಅಂಗಡಿಯ ಮೆಟ್ಟಿಲವರೆಗೆ ಬಂದವು. ಅದರ ಹಿಂದೆಯೇ ಬೆಚ್ಚನೆಯ ಬಿಸಿಲು. ಫೆರ್ನಾನ್ ಬುಟ್ಟಿ ಹಿಡಿದು ಬಿದ್ದ ಗೋಡೆಯ ಹಿಂದೆ ಹೋದವನು ಹಾಗೇ ಮಂಡಿಯೂರಿದ. ಅವನಪ್ಪನ ಕಾಲದಲ್ಲೂ ಹಾಗೆ ಎದ್ದಿರಲಿಲ್ಲ. ಒಂದರ ತಲೆಯನ್ನು ಒಂದು ತಳ್ಳಿಕೊಂಡು, ಎಲೆಗಳನ್ನು ಎತ್ತಿಕೊಂಡು, ಸಂತೆಗೆ ಹೊರಟವರಂತೆ ಸೆಪ್‌ಗಳು ನಿಂತಿದ್ದವು. ಅವನು ಚಾಕು ತೆಗೆದ. ಒಂದನ್ನು ಕೊಯ್ದು ಮೂಗಿಗೆ ಹಿಡಿದ. ಅದೇ ವಾಸನೆ, ಒದ್ದೆ ಮಣ್ಣು, ವಾಲ್‌ನಟ್. ವಾಲ್‌ನಟ್ ಎಂದ ಕೂಡಲೇ ಗಂಟಲಲ್ಲಿ ನಿಂತ ಕೇಕು ನೆನಪಾಯಿತು. ಅಲ್ಲಿಂದ ನೋಡಿದರೆ ಮರಗಳ ಸಂದಿಯಲ್ಲಿ ಇಗರ್ಜಿಯ ಹೊಗೆಗಪ್ಪು ಗೋಡೆ ಕಾಣುತ್ತಿತ್ತು, ಅದರ ಮುಂದೆ ಬೆಂಚಿನ ಮೇಲೆ ಏಪ್ರನ್ ಇಲ್ಲದೆ, ಕಾಡಿನ ಕಡೆ ಮುಖ ಮಾಡಿ ಕೂತಿದ್ದ ಒಂದು ಆಕಾರವೂ.

ಮನೆಯಲ್ಲಿ ಅವನ ಹೆಂಡತಿ ಜೋಸಿಯಾನ್ ಸೆಪ್‌ಗಳನ್ನು ಬೆಳ್ಳುಳ್ಳಿ ಹಾಕಿ ಹುರಿದು ಆಮ್ಲೆಟ್ ಮಾಡಿ ಮುಂದಿಟ್ಟಳು. ಫೆರ್ನಾನ್ ಫೋರ್ಕು ಹಿಡಿದು ಅದನ್ನೇ ನೋಡುತ್ತ ಕೂತ.

"ತಿನ್ನು. ಈ ವಾಸನೆಗೆ ನಿಮ್ಮಪ್ಪ ಆಗಿದ್ರೆ ಹೆಣದ ಪೆಟ್ಟಿಗೆಯಿಂದ ಎದ್ದು ಬಂದು ತಟ್ಟೆ ಕೇಳ್ತಿದ್ದ."

"ಹಸಿವಿಲ್ಲ."

ಜೋಸಿಯಾನ್ ಬಾಣಲೆ ಕೆಳಗಿಟ್ಟಳು. ಮದುವೆಯಾದಾಗಿನಿಂದ ಈ ಮಾತನ್ನು ಅವಳು ಅವನ ಬಾಯಲ್ಲಿ ಕೇಳಿರಲಿಲ್ಲ. "ಯಾರವಳು?" ಎಂದಳು.

"ಯಾವಳು?"

"ವಸಂತದಿಂದ ನೋಡ್ತಿದೀನಿ. ಊಟದ ಹೊತ್ತಲ್ಲಿ ಮಾಯ ಆಗ್ತೀಯ. ನಿದ್ದೆಯಲ್ಲಿ ತಕ್ಕಡಿ ತಕ್ಕಡಿ ಅಂತೀಯ. ಮುಖ ನೋಡಿದ್ರೆ ಯಾವಳೋ ಒಬ್ಬಳಿಗೆ ಮೋಸ ಮಾಡಿದ ಹಾಗಿದೆ. ನನಗಾ, ಅವಳಿಗಾ, ಅದನ್ನಾದ್ರೂ ಹೇಳು."

"ಅವಳಿಗೆ" ಎಂದ ಫೆರ್ನಾನ್. "ಎಪ್ಪತ್ತೆಂಟು ವರ್ಷ ಅವಳಿಗೆ."

ಜೋಸಿಯಾನ್ ಅವನ ಮುಂದಿನ ತಟ್ಟೆ ಎಳೆದುಕೊಂಡು ತಾನೇ ತಿನ್ನತೊಡಗಿದಳು. "ಹೋಗಿ ಸರಿ ಮಾಡ್ಕೊಂಡು ಬಾ. ಇಲ್ಲಾಂದ್ರೆ ನಾಳೆಯಿಂದ ಇಲ್ಲಿ ಬರೀ ಎಲೆಕೋಸು."

ಪರಂಪರೆ ದಿನದ ಹಿಂದಿನ ಮಧ್ಯಾಹ್ನ, ಊರು ಊಟಕ್ಕೆ ಕೂತಾಗ, ಅವನು ಮತ್ತೆ ಕಲ್ಲಿನ ಶಿಲುಬೆಯ ಬಳಿ ನಿಂತ. ಓಕ್ ಮರದ ಇಂಟುವನ್ನು ತಂತಿಯ ಬ್ರಷ್ಷಿನಿಂದ ಕೆರೆದ. ಕೆರೆದಷ್ಟೂ ಅದು ಹೋಗಲೊಲ್ಲದು. ಅವನ ಬಣ್ಣವೆಂದರೆ ಆ ಕಾಡು ಹೋದರೂ ಉಳಿಯುವ ಬಣ್ಣ. ಅದೇ ಈಗ ಶಾಪವಾಯಿತು. ತೊಗಟೆಯನ್ನೇ ಹೆರೆದು, ಕಂದು ಬಳಿದು, ಅದರ ಮೇಲೆ ಒಂದು ಗೆರೆ ಎಳೆದ. ಹುಟ್ಟಿದ ಮೇಲೆ ಮೊದಲ ಸಲ ಗೆರೆ ಸೊಟ್ಟಗಾಯಿತು. ದಿಬ್ಬದ ದಾರಿಯ ಗೆರೆಗಳನ್ನೆಲ್ಲ ಕಂದು ಬಳಿದು ಮುಚ್ಚಿದ. ಕಾಡೊಳಗೆ ಪ್ರತಿ ಗುರುತನ್ನೂ ಹೊಸದು ಮಾಡುತ್ತ ಬಿದ್ದ ಗೋಡೆಗೆ ಬಂದಾಗ ಮಾತ್ರ ಅವನಿಗೆ ತಡೆಯಲಾಗಲಿಲ್ಲ. ಒಂದೊಂದು ಅಣಬೆಯ ಮೇಲೂ ಒಣ ಎಲೆಗಳನ್ನು ಹೊದಿಸಿ, ಮಕ್ಕಳನ್ನು ಮಲಗಿಸುವ ತಾಯಿಯಂತೆ ಸುತ್ತಲೂ ಒತ್ತಿ, ಹಿಂದೆ ಮುಂದೆ ನೋಡಿ ಮನೆಗೆ ಹೋದ. ಜನ ಬಂದರೆ ಸಾಕು, ಸೊಲಾಂಜ್ ಖುಷಿಯಾಗುತ್ತಾಳೆ, ಬೀಗದ ಕೈ ಅವಳಲ್ಲೇ ಉಳಿಯುತ್ತದೆ, ಯಾರಿಗೂ ಏನೂ ಹೇಳಬೇಕಿಲ್ಲ. ಇದು ಅವನ ಲೆಕ್ಕ.

ಭಾನುವಾರ ಇಗರ್ಜಿಯ ಮುಂದೆ ಅವನು ಬೆಳಗ್ಗೆಯೇ ಬಂದು ನಿಂತ. ಬೆರಾಂಜೆರ್ ಬೀಗದ ಕೈ ತೆಗೆದುಕೊಳ್ಳಲು ಬಂದಿದ್ದಳು, ಅದನ್ನು ನೋಡಲು ಊರಿನವರು ಕಾರುಗಳಲ್ಲಿ ಬಂದಿದ್ದರು. ಸೊಲಾಂಜ್ ಗಾಢ ನೀಲಿಯ ಉಡುಪು ಹಾಕಿ, ತಲೆ ಬಾಚಿ, ಕಬ್ಬಿಣದ ಕೈಯನ್ನು ಎದೆಗೆ ಆನಿಸಿಕೊಂಡು ಬಾಗಿಲಲ್ಲಿದ್ದಳು. ಆಮೇಲೆ ಕಾಡಿನ ಕಡೆಯಿಂದ ಸದ್ದು ಕೇಳಿಸಿತು, ನಗು, ಕೋಲಿನ ಟಕಟಕ. ಪಕ್ಕದ ಪೇಟೆಯ ಚಾರಣ ಸಂಘದವರು, ಹಾಲೆಂಡಿನವರು, ತುಳೂಸ್ ನಗರದ ಸಂಸಾರಗಳು, ನೆಪೋಲಿಯನ್ನನ ಸೈನ್ಯವೇ ದಾರಿ ತಪ್ಪಿ ಬಂದ ಹಾಗೆ. ಎಲ್ಲರ ಕೈಯಲ್ಲೂ ಸೆಪ್. ಟೋಪಿಯಲ್ಲಿ ಸೆಪ್, ಗಂಟು ಹಾಕಿದ ಅಂಗಿಯ ತೋಳಿನಲ್ಲಿ ಸೆಪ್, ಮಗುವಿನ ತಳ್ಳುಗಾಡಿಯಲ್ಲಿ ಮಗುವನ್ನು ಎತ್ತಿಕೊಂಡು ಅದರ ಜಾಗದಲ್ಲಿ ಸೆಪ್. ಎಲೆ ಹೊದಿಸಿದ್ದೇ ಗುರುತು ಕೊಟ್ಟಿತ್ತು. ಸುತ್ತಲೂ ಹಸಿರು ಹುಲ್ಲಿದ್ದಲ್ಲಿ ಒಣ ಎಲೆಗಳ ಪುಟ್ಟ ಪುಟ್ಟ ಗುಡ್ಡೆಗಳು ಯಾಕಿವೆ ಎಂದು ಯಾರೋ ಕೋಲಿನಿಂದ ಕೆದಕಿದ್ದರು. ಫೆರ್ನಾನ್ ಒಂದೊಂದನ್ನೂ ಗುರುತಿಸಿದ. ಎದೆಯೊಳಗೆ ಯಾರೋ ಚಾಕುವಿನಿಂದ ಕಾಂಡ ಕೊಯ್ದಂತಾಯಿತು. ಆದರೂ ಸೊಲಾಂಜಳ ಮುಖ ನೋಡಿ ಸಮಾಧಾನ ತಂದುಕೊಂಡ.

ಸೊಲಾಂಜ್ ಬಾಗಿಲು ತೆರೆದಳು. ಜನ ಒಳಗೆ ತುಂಬಿದರು. ಅವಳು ಗೋಡೆಯ ಮುಂದೆ ನೆಟ್ಟಗೆ ನಿಂತಳು.

"ಇದು ಸಂತ ಅಲಾರಿಯ ಇಗರ್ಜಿ. ಇವನು ಮಿಕಾಯೇಲ. ಇದು ತಕ್ಕಡಿ. ಇದು ದೆವ್ವ. ಆ ಕಡೆ ನರಕ. ಬಂದಿದ್ದಕ್ಕೆ ಸಂತೋಷ."

ಬಾಯಿ ಮುಚ್ಚಿದಳು. ಒಳಗೆ ಮಾತುಗಳು ಬಾಗಿಲು ಬಡಿಯುತ್ತಿದ್ದವು, ಆದರೆ ತುಟಿ ಬಿಚ್ಚಲಿಲ್ಲ. ಜನ ಸ್ವಲ್ಪ ಕಾದರು. ಮೇಲೆ ನೋಡಿದರು, ಕೆಳಗೆ ನೋಡಿದರು, ಚೆನ್ನಾಗಿದೆ ಎಂದು ಪಿಸುಗುಟ್ಟಿ ಒಬ್ಬೊಬ್ಬರಾಗಿ ಹೊರಗೆ ಹೊರಟರು. ಸಾವಿರ ವರ್ಷ ಒಂದು ಸೀನು ಬಂದು ಹೋಗುವಷ್ಟರಲ್ಲಿ ಮುಗಿಯಿತು.

ಸೊಲಾಂಜ್ ಫೆರ್ನಾನನ ತೋಳು ಹಿಡಿದು ಮೂಲೆಗೆ ಎಳೆದಳು. ಅವಳ ಕಣ್ಣು ಹೊಳೆಯುತ್ತಿತ್ತು. "ನೋಡಿದ್ಯಾ? ನಾನು ಬಾಯಿ ಮುಚ್ಕೊಂಡೆ, ಸಂತ ಜನ ಕಳಿಸಿದ. ಹರಕೆ ಹೊತ್ತಿದ್ದೆ ಕಣೋ. ಅಂದ್ರೆ ನಾನಂದ್ಕೊಂಡಿದ್ದು ಸರಿ. ಎಲ್ಲಾ ನನ್ನ ಬಾಯಿಂದಾನೇ ಆಗಿದ್ದು. ಇಷ್ಟು ವರ್ಷ ಎಷ್ಟು ಜನರನ್ನ ಓಡಿಸಿದೀನೋ ಏನೋ." ಮೇಯರಿನ ಕಡೆ ತಿರುಗಿ ಬೀಗದ ಕೈ ಚಾಚಿದಳು. "ತಗೋಮ್ಮ ಬೆರಾಂಜೆರ್. ಜನ ಬರ್ತಾ ಇರುವಾಗ್ಲೇ ಕೊಡ್ತೀನಿ. ಇನ್ನು ಯಾವತ್ತಾದ್ರೂ ನನಗೆ ತಡೀದೆ ಮಾತಾಡ್ಬಿಟ್ರೆ ಮತ್ತೆ ನಿಂತು ಹೋಗತ್ತೆ."

ಫೆರ್ನಾನನಿಗೆ ಆಗ ತಿಳಿಯಿತು. ದಾರಿಯ ಗುರುತನ್ನು ಅವನು ಅಳಿಸಿದ್ದ. ಅವಳೊಳಗೆ ಎಳೆದ ಇಂಟು ಹಾಗೇ ಇತ್ತು. ಅದನ್ನು ಕೆರೆಯಲು ಅವನ ಚೀಲದಲ್ಲಿ ಬ್ರಷ್ಷಿರಲಿಲ್ಲ. ಗೋಡೆಯ ಮೇಲೆ ಮಿಕಾಯೇಲ ಆತ್ಮಗಳನ್ನು ತೂಗುತ್ತಿದ್ದ, ತಕ್ಕಡಿಯ ತಟ್ಟೆಯ ಕೆಳಗೆ ಹೊಟ್ಟೆ ಮುಂದೆ ಬಂದ ಒಂದು ಸಣ್ಣ ದೆವ್ವ ಯಾರಿಗೂ ಕಾಣದಂತೆ ಕೊಕ್ಕೆ ಹಾಕಿ ಎಳೆಯುತ್ತಿತ್ತು. ಸೊಲಾಂಜ್ ಎಲ್ಲ ದೆವ್ವಗಳಿಗೂ ಹೆಸರಿಟ್ಟಿದ್ದಳು, ಅದೊಂದಕ್ಕೆ ಇಟ್ಟಿರಲಿಲ್ಲ. ಅಂಥವನು ಊರಲ್ಲಿ ಯಾರೂ ಇಲ್ಲ ಎನ್ನುತ್ತಿದ್ದಳು.

"ತಗೋಬೇಡಿ ಮೇಯರ್" ಎಂದ ಫೆರ್ನಾನ್. ಧ್ವನಿ ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. ಹೊರಗೆ ಹೋಗುತ್ತಿದ್ದವರು ನಿಂತರು. "ಮದಾಮ್ ಸೊಲಾಂಜ್, ನಿಮ್ಮ ಬಾಯಿಂದ ಏನೂ ಆಗಿಲ್ಲ. ದಾರಿಗೆ ಇಂಟು ಹಾಕಿದ್ದು ನಾನು. ವಸಂತದಲ್ಲಿ. ಜನರನ್ನ ಟ್ಯಾಂಕಿನ ಕಡೆ ತಿರುಗಿಸಿದ್ದೂ ನಾನೇ. ನಿನ್ನೆ ಅಳಿಸಿದೆ, ಅದಕ್ಕೇ ಇವತ್ತು ಬಂದ್ರು. ಸಂತ ಅಲ್ಲ."

"ಯಾಕೆ?" ಎಂದಳು ಸೊಲಾಂಜ್.

ಫೆರ್ನಾನ್ ಬೆವರಿದ. "ಬಿದ್ದ ಗೋಡೆ ಹಿಂದೆ ಸೆಪ್ ಏಳತ್ತೆ. ನಮ್ಮಪ್ಪನ ಜಾಗ."

ಒಳಗಿದ್ದ ನಮ್ಮೂರಿನವರೆಲ್ಲ ಒಂದೇ ಸಲ ಉಸಿರೆಳೆದರು. ದಾರಿ ತಪ್ಪಿಸಿದ್ದಕ್ಕಲ್ಲ. ಮನುಷ್ಯನೊಬ್ಬ ಜೀವವಿರುವಾಗಲೇ, ಬಾಯಿ ಬಿಟ್ಟು, ನಾಲ್ಕು ಜನರ ಮುಂದೆ ತನ್ನ ಅಣಬೆಯ ಜಾಗ ಹೇಳಿದ್ದನ್ನು ಅವರು ಕಂಡಿರಲಿಲ್ಲ.

"ಮತ್ತೆ ಮರ?" ಎಂದು ಬೆರಾಂಜೆರ್ ಕೇಳಿದಳು.

"ಮರ ಇಲ್ಲ."

"ಸೇತುವೆಗಿಂತ ಉದ್ದ ಇತ್ತಲ್ಲ? ನರಿ ಸಂಸಾರ?"

"ನರಿನೂ ಇಲ್ಲ. ಇನ್ನೊಂದಿದೆ. ಆ ಬೆಲ್ಜಿಯಮ್ಮಿನವರಿಗೆ ನಾನು ಅಣಬೆ ವಿಷ ಅಂದಿದ್ದೆ. ಮುಟ್ಟಿದ್ರೂ ಏರತ್ತೆ, ಎರಡು ಗಂಟೆ ಅಂತ. ಅದಕ್ಕೇ ಅಂಗೈ ನೋಡ್ಕೋತಿದ್ರು, ಮದಾಮ್. ನಿಮ್ಮ ಮಾತಿಗೆ ಬೇಜಾರಾಗಿ ಅಲ್ಲ. ಸಾಯ್ತೀವಿ ಅಂದ್ಕೊಂಡು ಓಡಿದ್ದು."

ಸೊಲಾಂಜ್ ಬೆಂಚಿನ ಮೇಲೆ ಕೂತಳು. ಬೈಯುತ್ತಾಳೆ ಎಂದು ಅವನು ತಲೆ ತಗ್ಗಿಸಿ ಕಾದ. ಅವಳು ಬೈಯಲಿಲ್ಲ. "ಇಡೀ ಬೇಸಿಗೆ ಆಡುಗಳ ಮುಂದೆ ನಿಂತು ಬಾಯಿಪಾಠ ಮಾಡಿದೀನಿ ಕಣೋ" ಎಂದಳು, ಮೆತ್ತಗೆ. "ನೀನು ಕೇಳಿದೀಯ. ಕೇಕ್ ತಿಂತಾ ಕೂತು ಕೇಳಿದೀಯ. ಇನ್ನೂ ಉದ್ದ ಆಯ್ತಾ ಅಂತ ನಿನ್ನನ್ನೇ ಕೇಳ್ದೆ." ಅದಕ್ಕಿಂತ ಆ ಕಬ್ಬಿಣದ ಕೈಯಿಂದ ನೆತ್ತಿಗೆ ಬಡಿದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಆಮೇಲೆ ಸೊಲಾಂಜ್ ಎದ್ದಳು. ಬೀಗದ ಕೈಯನ್ನು ಮೇಯರಿನ ಮುಂದಿನಿಂದ ಹಿಂದಕ್ಕೆ ಎಳೆದುಕೊಂಡು ಅದರ ತುದಿಯನ್ನು ಫೆರ್ನಾನನ ಮೂಗಿಗೆ ಹಿಡಿದಳು.

"ಇವನನ್ನ ನೋಡಿ ಎಲ್ರೂ" ಎಂದಳು. "ಆಮೇಲೆ ಆ ತಟ್ಟೆ ಕೆಳಗಿರೋನನ್ನ ನೋಡಿ. ಹೊಟ್ಟೆ ನೋಡಿ. ಇಷ್ಟು ವರ್ಷ ಅವನ್ಯಾರು ಅಂತ ನನಗೆ ಗೊತ್ತಾಗಿರ್ಲಿಲ್ಲ. ಪಾಪ, ಚಿತ್ರ ಬರೆದೋನಿಗೆ ಆಗಲೇ ಗೊತ್ತಿತ್ತು." ಅಲ್ಲಿಂದ ಶುರುವಾಯಿತು. ಫೆರ್ನಾನ್ ಒಂದನೇ ತರಗತಿಯಲ್ಲಿ ಚಡ್ಡಿ ಒದ್ದೆ ಮಾಡಿಕೊಂಡದ್ದು, ಅವನಪ್ಪ ಮದುವೆಯ ಊಟಕ್ಕೆ ಸೆಪ್ ತಂದು ಒಂದೊಂದನ್ನೂ ತಾನೇ ತಿಂದದ್ದು, ಮಿಕಾಯೇಲನ ತಕ್ಕಡಿ, ಆ ತಕ್ಕಡಿಯನ್ನು ಬರೆದವನು ಇದೇ ಊರಿನ ಹಿಟ್ಟಿನ ಅಂಗಡಿಯ ತಕ್ಕಡಿ ನೋಡಿ ಬರೆದದ್ದು, ಎಡಗಡೆ ಗೋಡೆ, ಬಲಗಡೆ ಗೋಡೆ, ನರಕದ ಕೊಪ್ಪರಿಗೆಯಲ್ಲಿ ಬೇಯುತ್ತಿರುವ ಬಿಷಪ್ಪು. ಬೈಗುಳ ಯಾವಾಗ ಮುಗಿದು ಇತಿಹಾಸ ಯಾವಾಗ ಶುರುವಾಯಿತೆಂದು ಯಾರಿಗೂ ತಿಳಿಯಲಿಲ್ಲ. ಹೊರಗೆ ಹೋದವರೆಲ್ಲ ಒಳಗೆ ಬಂದು, ಸೆಪ್‌ಗಳನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತರು. ಮಧ್ಯಾಹ್ನದ ಊಟದ ಹೊತ್ತು ಬಂತು, ಹೋಯಿತು. ರಾಜನ ತಲೆ ತೆಗೆದ ದಿನವೂ ಮೋಂಬ್ರಾಕ್ ಊಟ ತಪ್ಪಿಸಿರಲಿಲ್ಲ. ಆ ಭಾನುವಾರ ತಪ್ಪಿಸಿತು. ಕೇಳುತ್ತ ಕೇಳುತ್ತ ಬೆರಾಂಜೆರ್‌ಳ ಕೂದಲು ಒಂದು ಬೆರಳಷ್ಟು ಬೆಳೆಯಿತು ಎಂದು ಹೇಳುವವರಿದ್ದಾರೆ.

ಕೊನೆಗೆ ಎಲ್ಲರೂ ಹೋದ ಮೇಲೆ ಸೊಲಾಂಜ್ ಬಾಗಿಲಿಗೆ ಬೀಗ ಹಾಕಿ ಕಬ್ಬಿಣದ ಕೈಯನ್ನು ಮತ್ತೆ ಎದೆಗೆ ಆನಿಸಿಕೊಂಡಳು. ಮಾತಾಡಿ ಮಾತಾಡಿ ಅವಳ ಸ್ವರ ಬಿದ್ದುಹೋಗಿತ್ತು.

"ಕ್ಷಮಿಸಿ ಮದಾಮ್ ಸೊಲಾಂಜ್" ಎಂದ ಫೆರ್ನಾನ್.

"ಇವತ್ತು ಆಗಲ್ಲ" ಎಂದಳು ಅವಳು. "ಮುಂದಿನ ಭಾನುವಾರ ಲಾಟೀನು ತಗೊಂಡು ಬಾ. ಆ ತಕ್ಕಡಿ ಮೂಲೆಯಲ್ಲಿ ಕತ್ತಲೆ. ಜನಕ್ಕೆ ಸರಿಯಾಗಿ ಕಾಣಲ್ಲ."

ಅವನು ಹೋದ. ಅದರ ಮುಂದಿನ ಭಾನುವಾರವೂ ಹೋದ. ಈಗಲೂ ಹೋಗುತ್ತಾನೆ. ಬಿದ್ದ ಗೋಡೆಯ ಹಿಂದೆ ಇವತ್ತು ಸೆಪ್‌ಗಿಂತ ಬೂಟಿನ ಗುರುತೇ ಹೆಚ್ಚು. ಅದರ ಪಕ್ಕದಿಂದಲೇ ಲಾಟೀನು ಹಿಡಿದು ನಡೆಯುತ್ತಾನೆ, ಆ ಕಡೆ ನೋಡುವುದಿಲ್ಲ. ಸೊಲಾಂಜ್ ತಕ್ಕಡಿಯ ಬಳಿ ಬಂದಾಗ ಲಾಟೀನನ್ನು ಎತ್ತಿ ಹಿಡಿಯುತ್ತಾನೆ. ಜನ ದೆವ್ವವನ್ನು ನೋಡುತ್ತಾರೆ, ಆಮೇಲೆ ಮೆಲ್ಲಗೆ ಅವನ ಕಡೆ ತಿರುಗುತ್ತಾರೆ. ಆ ಹೊತ್ತಿಗೆ ತೋಳು ಸೋತು ಕೆಳಗಿಳಿಯುತ್ತದೆ.

"ಮೇಲೆ ಹಿಡಿಯೋ" ಎನ್ನುತ್ತಾಳೆ ಸೊಲಾಂಜ್. "ಮುಖಕ್ಕೆ ಬೆಳಕು ಬೀಳ್ಲಿ. ನಾನಿನ್ನೂ ಮುಗಿಸಿಲ್ಲ."

ಅವನು ಎತ್ತಿ ಹಿಡಿಯುತ್ತಾನೆ.